ಮೂರು ಹುರಿ, ಒಂದು ಮಡಿಕೆ

ನಮ್ಮ ಮೊಮ್ಮಗಳು ರೇಣುಕಾ ಗಣಿತದಲ್ಲಿ ಮೊದಲ ಬಹುಮಾನ ತಂದಿದ್ದಾಳೆ! ಮಸ್ಕಿಯಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿಯಾಯಿತು. ಲಿಂಗಸುಗೂರಿನ ಬಸ್ಸು ಹತ್ತಿ ಕಂಡಕ್ಟರನಿಗೂ ಹೇಳಿದೆ. ‘ಟಿಕೆಟ್ ತಗೋರಿ ಅಜ್ಜಾರ’ ಎಂದ. ಇಳಿದುಬಿಟ್ಟೆ, ಹತ್ತಿದ್ದು ಸುದ್ದಿ ಹೇಳಲಿಕ್ಕಷ್ಟೇ.

ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವನು. ಹುಡುಗಿ ಏಳನೇ ಇಯತ್ತೆ, ಆದರೆ ಲೆಕ್ಕವೆಂದರೆ ಅವಳಿಗೆ ಹೊಟ್ಟೆನೋವು. ಕಳೆದ ವಾರ ಮೂಲೆಯಲ್ಲಿ ಅಳುತ್ತ ಕೂತಿದ್ದಳು.

‘ಅಜ್ಜ, ಸಾಲ್ಯಾಗ ಪೈ ಅನ್ನೋ ಅಂಕಿ ದಿನ ಮಾಡ್ತಾರ. ಸ್ಟೇಜ್ ಮ್ಯಾಲ ನಾ ಮಾತಾಡಬೇಕಂತ. ನಾ ಸಾಲಿಗೇ ಹೋಗಂಗಿಲ್ಲ.’

‘ಅಂಕಿಗೂ ಜಯಂತಿ ಐತೇನು ಬೇ? ಏನ್ ಮಾಡತೈತಿ ಅದು?’

‘ದುಂಡಗಿರೋದರ ಅಡ್ಡಳತಿ ಗೊತ್ತಿದ್ರ ಸುತ್ತಳತಿ ಹೇಳತೈತಿ. ಮೂರು ಪಾಯಿಂಟ್ ಒಂದು ನಾಲ್ಕು. ಅದಕ್ಕ ಮೂರನೇ ತಿಂಗಳು, ಹದಿನಾಲ್ಕನೇ ತಾರೀಖು.’

ನಾನು ನಕ್ಕುಬಿಟ್ಟೆ. ಟ್ರ್ಯಾಕ್ಟರ್ ಬರುವ ಮೊದಲು ಮುದಗಲ್ ಕಡೆಯ ಬಂಡಿಗಳಿಗೂ ಗಾಲಿ ಕಟ್ಟಿದ ಬಡಿಗ ನಾನು. ಗಾಲಿಯ ಅಗಲಕ್ಕೊಂದು ಹುರಿ ಹಿಡಿ, ಅಂಥ ಮೂರು ಹುರಿ ಉದ್ದ ಹಾಕು, ಆಮೇಲೆ ಹುರಿಯನ್ನು ಏಳು ಮಡಿಕೆ ಮಾಡಿ ಒಂದು ಮಡಿಕೆ ಸೇರಿಸು: ಗಾಲಿಗೆ ತೊಡಿಸುವ ಕಬ್ಬಿಣದ ಹಳಿಯ ಅಳತೆ ಸಿಕ್ಕಿತು. ನನ್ನಪ್ಪ ಕಲಿಸಿದ್ದು. ಮಡಿಕೆ ಮರೆತ ದಿನ ಅದೇ ಹುರಿಯಿಂದ ಬೆನ್ನಿಗೆ ಬಿದ್ದಿತ್ತು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಗಾಲಿಗೆ ರೇಣುಕಾ ತಾನೇ ಅಳೆದು ಸುತ್ತಿದಳು. ಸರಿಯಾಗಿ ಕೂತಿತು. ಅಳು ನಿಂತಿತು.

ಹದಿನಾಲ್ಕನೇ ತಾರೀಖು ಗಾಲಿ ಉರುಳಿಸಿಕೊಂಡೇ ಶಾಲೆಗೆ ಹೋದೆವು. ಜಯಂತಿಯೆಂದ ಮೇಲೆ ಬರಿಗೈಲಿ ಹೋಗುವುದೇ? ಚೆಂಡುಹೂವಿನ ಹಾರ, ತೆಂಗಿನಕಾಯಿ ಒಯ್ದಿದ್ದೆ. ‘ಫೋಟೊ ಎಲ್ಲಿಟ್ಟೀರಿ ಮೇಡಂ?’ ಎಂದೆ.

ಮೇಡಂ ನಗು ತಡೆದುಕೊಂಡರು. ‘ಅಂಕಿಗೆ ಫೋಟೊ ಇರಂಗಿಲ್ಲ ಅಜ್ಜಾರ. ಗಾಲಿಗೇ ಹಾಕ್ರಿ.’

ಹಾಕಿದೆ. ರೇಣುಕಾ ಹುರಿ ಹಿಡಿದು, ಮಡಿಸಿ, ಸುತ್ತಿ ತೋರಿಸುತ್ತ ಒಮ್ಮೆಯೂ ತಡವರಿಸದೆ ಮಾತಾಡಿದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ನಾನು, ಅವಳಿನ್ನೂ ಮುಗಿಸಿರಲಿಲ್ಲ. ಮೊದಲ ಬಹುಮಾನವೂ ಅವಳಿಗೇ ಬಂತು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಅಜ್ಜಿ ಬಡಿದ ಜೋಳದ ರೊಟ್ಟಿಯನ್ನೂ ರೇಣುಕಾ ಬಿಡದೆ ಅಳೆದಳು. ‘ಮೂರು ಹುರಿ, ಒಂದು ಮಡಿಕೆ! ಅಜ್ಜಿ, ಎಷ್ಟು ದುಂಡಗ ಐತಿ!’

‘ಐವತ್ತು ವರ್ಷದಿಂದ ಹಿಂಗ ಬಡಿಯಾಕತ್ತೀನಿ ತಾಯಿ’ ಎಂದಳು ನನ್ನ ಹೆಂಡತಿ. ‘ಮಾರಿ ಇಲ್ಲದ ಅಂಕಿಗೆ ಹಾರ ಒಯ್ದಾರ ನಿಮ್ಮಜ್ಜ. ನನಗ ಒಂದು ಮೊಳ ಹೂವು ತಂದಾರೇನು, ಕೇಳು.’

ಎಲ್ಲರೂ ತುತ್ತು ಬಿಟ್ಟು ನನ್ನನ್ನೇ ನೋಡಿ ನಕ್ಕರು. ನಾನು ತಲೆ ತಗ್ಗಿಸಿ ಇನ್ನೊಂದು ರೊಟ್ಟಿ ಕೇಳಿದೆ. ಹಾಕಿದಳು. ಅದೂ ದುಂಡಗೇ ಇತ್ತು.