ಯಗಟಿಯಲ್ಲಿ ಕೆತ್ತಿದ ಸರ್ಫ್‌ಬೋರ್ಡು

ಸಮುದ್ರ ಕಾಣದ ಊರಲ್ಲಿ ಸಮುದ್ರದ ಸಾಮಾನು ಮಾಡೋಕೆ ಕೂತವನಿಗೆ ಎಡವಟ್ಟುಗಳು ಆಗದೆ ಇರೋದಿಲ್ಲ. ಬಾಗಿಲು ಹಾಕಿಕೊಂಡ್ರೂ ಕಿಟಕಿಯಿಂದ ಬರ್ತಾವೆ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲೂಕು ಜಾಲಾಡಿದ್ರೂ ಸರ್ಫ್‌ಬೋರ್ಡ್ ಮಾಡಬಲ್ಲವನು ಯಗಟಿಯ ನಾನೊಬ್ಬನೇ. ಜಂಬ ಅಲ್ಲ, ಇದ್ದದ್ದು ಹೇಳಿದೆ. ಅಲೆಯ ಮೇಲೆ ನಿಂತು ಜಾರೋರ ಆ ಉದ್ದನೆಯ ಹಲಗೆಯ ಹೊಟ್ಟೇಲಿ ಇರೋದು ಬರೀ ಫೋಮು. ಆ ಫೋಮಿನ ಒರಟು ಅಚ್ಚಿಗೆ ಬ್ಲ್ಯಾಂಕ್ ಅಂತಾರೆ. ಅದನ್ನ ಹೆರೆದು, ಉಜ್ಜಿ, ಮೀನಿನ ಮೈ ತರಿಸಿ, ಮೇಲೆ ಫೈಬರ್ ಬಟ್ಟೆ ಹಾಸಿ ರೆಸಿನ್ ಅನ್ನೋ ಅಂಟು ಬಳಿಯಬೇಕು. ಕೆಲಸ ಸರಿಯಾಗಿದ್ರೆ ಆಳು ಹತ್ತಿ ನಿಂತ್ರೂ ಮುರಿಯಲ್ಲ, ಒಂದೇ ಕೈಗೆ ಎದ್ದು ಬರುತ್ತೆ.

ಇದನ್ನ ಕಲಿತದ್ದು ಕರಾವಳಿಯ ಒಂದು ವರ್ಕ್‌ಶಾಪಿನಲ್ಲಿ. ಅಪ್ಪ ಬೈಕಿನಿಂದ ಬಿದ್ದು ಮಂಡಿ ಮುರಿದುಕೊಂಡಾಗ ಊರಿಗೆ ವಾಪಸ್ ಬರಬೇಕಾಯ್ತು. ಓನರ್ ಒಂದೇ ಒಂದು ಬ್ಲ್ಯಾಂಕ್ ಕೊಟ್ಟು, "ಊರಲ್ಲೇ ಮಾಡಿ ತಾ. ಸರಿ ಬಂದ್ರೆ ಇನ್ನು ಮುಂದೆ ಕೆಲಸ ಅಲ್ಲಿಗೇ ಕಳಿಸ್ತೇನೆ. ಬರದಿದ್ರೆ ಇಷ್ಟಕ್ಕೆ ಮುಗೀತು" ಅಂದ್ರು. ಅಪ್ಪ ಕುರಿಗಳನ್ನ ಹುಣಸೆಮರದ ಕೆಳಗೆ ಬೇಲಿ ಹಾಕಿಸಿ ಬಿಟ್ಟು, ಕುರಿ ಕೊಟ್ಟಿಗೆ ನನಗೆ ಕೊಟ್ಟ. ಅವನದೂ ಒಂದು ಮಾತಿತ್ತು: "ಕುರಿ ಮರಿ ಹಾಕೋ ಹೊತ್ತಿಗೆ ಒಪ್ಪಿಗೆ ತಗೊಂಡು ಬಾ. ಇಲ್ದಿದ್ರೆ ಕೊಟ್ಟಿಗೆ ಕುರಿಗೆ, ನೀನು ಕುರಿ ಹಿಂದೆ."

ಅಂತೂ ನನ್ನ ಹಣೆಬರಹವೆಲ್ಲ ಒಂದು ತುಂಡು ಫೋಮಿನಲ್ಲಿತ್ತು.

೧. ದೀಪ

ಫೋಮಿನ ಉಬ್ಬುತಗ್ಗು ನೇರ ಬೆಳಕಿನಲ್ಲಿ ಕಾಣಲ್ಲ, ನೆರಳಿನಲ್ಲಿ ಕಾಣುತ್ತೆ. ಹಾಗಾಗಿ ಕಿಟಕಿಗೆ ಗೋಣಿ ಕಟ್ಟಿ, ಕತ್ತಲು ಮಾಡಿಕೊಂಡು, ಪಕ್ಕದಿಂದ ದೀಪ ಇಟ್ಟು ಉಜ್ಜಬೇಕು. ಅವತ್ತು ಕರೆಂಟಿರಲಿಲ್ಲ. ಚಾರ್ಜಿಂಗ್ ಲೈಟನ್ನ ಬೋರ್ಡಿನ ಮೂತಿಯ ಹತ್ತಿರ ಇಟ್ಟುಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬಗ್ಗಿ ಕೆಲಸ ಮಾಡ್ತಿದ್ದೆ.

ದೇವನೂರಿನಿಂದ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಮಂಡಿ ವಿಚಾರಿಸೋಕೆ ಅಂತ ಬಂದವಳು ಕೊಟ್ಟಿಗೆಗೆ ಇಣುಕಿದಳು. ಕತ್ತಲಲ್ಲಿ ಆಳುದ್ದ ಬಿಳೀದೊಂದು ಮಲಗಿದೆ, ತಲೆಯ ಹತ್ತಿರ ದೀಪ ಉರೀತಿದೆ, ತಮ್ಮನ ಮಗ ಬಗ್ಗಿ ಅದರ ಎದೆ ಸವರುತ್ತಿದ್ದಾನೆ. ಅತ್ತೆ ಅಲ್ಲೇ ಕುಸಿದು, "ಅಯ್ಯೋ ನನ್ನ ತಮ್ಮಾ, ಒಂದು ಫೋನಾದ್ರೂ ಮಾಡ್ಬಾರ್ದಿತ್ತೇನೋ" ಅಂತ ಎದೆ ಬಡಿದುಕೊಂಡು ರಾಗ ತೆಗೆದಳು.

ಅಳು ಕೇಳಿ ಅಪ್ಪ ಕೋಲೂರಿಕೊಂಡು ಮನೆಯಿಂದ ಬಂದ. "ಯಾರು ಹೋದ್ರೇ ಅಕ್ಕಾ?" ಅಂದ.

ಅತ್ತೆ ಕಣ್ಣೊರೆಸಿಕೊಂಡು ನೋಡಿ, "ನೀನೇ ಕಣಪ್ಪಾ" ಅಂದಳು.

ಅವ್ವ ಕಾಫಿ ತಂದಳು. ಅತ್ತೆ ಕೈ ಹಿಂದಕ್ಕೆ ತಗೊಂಡಳು. ಅತ್ತುಬಿಟ್ಟಿದೀನಿ, ಸ್ನಾನ ಆಗದೆ ಏನೂ ಮುಟ್ಟಲ್ಲ ಅಂತ ಹಟ ಹಿಡಿದಳು. ಅಪ್ಪ ತನ್ನ ಲೋಟ ಎತ್ತಿಕೊಂಡು ಹೇಳಿದ: "ಸತ್ತೋನೇ ಕುಡೀತಾವ್ನೆ, ನಿಂದೇನೇ?"

೨. ಒಂದೇ ಗಾಳಿ

ರೆಸಿನ್ ಕಲಸಿದ ಮೇಲೆ ಅದು ಯಾರಿಗೂ ಕಾಯೋದಿಲ್ಲ. ಬಳಿದದ್ದು ಗಟ್ಟಿಯಾಗೋ ತನಕ ಒಂದು ಚೂರು ಧೂಳೂ ಬೀಳಬಾರದು. ನಮ್ಮ ಕೊಟ್ಟಿಗೆಯ ಗೋಡೆ ಅರ್ಧಕ್ಕೇ ನಿಂತಿದೆ. ಅದರಾಚೆ ಪಕ್ಕದ ಮನೆಯ ದೊಡ್ಡಮ್ಮನ ರಾಗಿ ಕಣ. ಗಾಳಿ ನಿಲ್ಲಲಿ ಅಂತ ನಾನು ಈ ಕಡೆ ಕಾಯ್ತಿದ್ದೆ, ಗಾಳಿ ಬರಲಿ ಅಂತ ಅವಳು ಮೊರ ಹಿಡಿದು ಆ ಕಡೆ ಕಾಯ್ತಿದ್ದಳು.

"ದೊಡ್ಡಮ್ಮ, ಒಂದರ್ಧ ಗಂಟೆ ತೂರಬೇಡ ಕಣಮ್ಮ" ಅಂದೆ.

"ಗಾಳೀನೇ ಇಲ್ಲ ಮಗಾ, ಏನ್ ತೂರ್ಲಿ" ಅಂದಳು.

ನಾನು ನಂಬಿ ಬಳಿದೆ. ಕನ್ನಡಿ ಹಾಗೆ ಹೊಳೀತು. ಅಷ್ಟರಲ್ಲಿ ಗಾಳಿ ಬಂತು. ಬೆಳಗಿನಿಂದ ಕಾದಿದ್ದ ಹೆಂಗಸು ಬಿಡ್ತಾಳಾ? ಕಣ್ಣು ಮಿಟುಕಿಸೋದ್ರೊಳಗೆ ನನ್ನ ಕನ್ನಡಿ ತುಂಬಾ ರಾಗಿ ಹೊಟ್ಟು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಇನ್ನೊಂದು ಬ್ಲ್ಯಾಂಕಿಲ್ಲ, ಇನ್ನೊಂದು ಅವಕಾಶವೂ ಇಲ್ಲ.

ದೊಡ್ಡಮ್ಮ ಗಾಬರಿಯಾಗಿ ಓಡಿ ಬಂದಳು. ಬೋರ್ಡಿನ ಮೇಲೆ ಬಗ್ಗಿ, ಮೂತಿಯಿಂದ ಬಾಲದ ತನಕ ಕಣ್ಣಾಡಿಸಿ, ನಿಟ್ಟುಸಿರು ಬಿಟ್ಟಳು. "ಸದ್ಯ, ಕಾಳು ಬಂದಿಲ್ಲ, ಬರೀ ಹೊಟ್ಟು. ನೀನೇ ಇಟ್ಕೊಳಪ್ಪ."

೩. ನಿಂತು ಹೋಗೋ ಸಾಮಾನು

ಹೊಟ್ಟನ್ನೆಲ್ಲ ಉಜ್ಜಿ ತೆಗೆದು ಮತ್ತೆ ಬಳಿದೆ. ಬೇರೆಯವರಾಗಿದ್ರೆ ಕೈಬಿಡ್ತಿದ್ರು. ಬೋರ್ಡು ನಿಜಕ್ಕೂ ಚೆನ್ನಾಗಿ ಬಂತು, ಬೆರಳ ತುದಿಗೆ ಏಳ್ತಿತ್ತು. ಅದಕ್ಕೊಂದು ಚೀಲ ಹೊಲಿಸೋಣ ಅಂತ ತರೀಕೆರೆಗೆ ಹೋದೆ. ಟೈಲರ್ ಆಗಲ್ಲ ಅಂದ, ಬರಿಗೈಲಿ ಬಂದೆ. ಬಂದು ನೋಡಿದ್ರೆ ಅಪ್ಪ ತಾನೇ ಅದನ್ನ ಕಂಬಳಿಯಲ್ಲಿ ಸುತ್ತಿ, ತೆಂಗಿನ ಹಗ್ಗದಲ್ಲಿ ಬಿಗಿದು ಇಟ್ಟಿದ್ದ. ಮಂಡಿ ನೋವಲ್ಲೂ ಇಷ್ಟು ಮಾಡಿದನಲ್ಲ ಅಂತ ಬಿಚ್ಚಿ ನೋಡೋಕೂ ಹೋಗಲಿಲ್ಲ.

ಬೆಳಗ್ಗೆ ಎತ್ತಿದ್ರೆ ಭಾರ ಅನ್ನಿಸ್ತು. ಕಂಬಳಿ ತೂಕ ಇರಬೇಕು ಅಂದುಕೊಂಡು ಕಡೂರು ಬಸ್ಸಿಗೆ ತುರುಕಿದೆ. ಬಸ್ಸು ಬಾಗಿಲ ತನಕ ತುಂಬಿತ್ತು.

ಕಂಡಕ್ಟರ್ ಅದನ್ನ ಮೇಲಿಂದ ಕೆಳಗೆ ನೋಡಿ, "ಏನಪ್ಪಾ ಇದು?" ಅಂದ.

"ಸರ್ಫ್‌ಬೋರ್ಡು. ಇದರ ಮೇಲೆ ನಿಂತ್ಕೊಂಡು ಸಮುದ್ರದಲ್ಲಿ ಎಷ್ಟು ದೂರ ಬೇಕಾದ್ರೂ ಹೋಗಬಹುದು. ನಾನೇ ಮಾಡಿದ್ದು" ಅಂದೆ, ನಾಲ್ಕು ಜನಕ್ಕೆ ಕೇಳೋ ಹಾಗೆ.

"ಹಂಗಾದ್ರೆ ಸೀಟು ಕೇಳ್ಬೇಡ. ಕಡೂರೇನು ದೂರ, ಇದನ್ನೇ ಹಿಡ್ಕೊಂಡು ನಿಂತ್ಕೋ" ಅಂದ.

೪. ತೂಕ

ಕಡೂರಿಂದ ಬಸ್ಸು ಬದಲಿಸಿ ಕರಾವಳಿ ಸೇರಿ, ವರ್ಕ್‌ಶಾಪಿನಲ್ಲಿ ಹಗ್ಗ ಬಿಚ್ಚಿದೆ. ಓನರ್ ಬೋರ್ಡಿಗೆ ಒಂದು ಕೈ ಹಾಕಿದ್ರು. ಏಳಲಿಲ್ಲ. ಎರಡು ಕೈ ಹಾಕಿದ್ರು. "ಎಂತ ಮಾರಾಯ ಇದು? ಅಲೆ ಮೇಲೆ ಹೋಗ್ಲಿಕ್ಕಾ, ಅಲೆ ತಡೀಲಿಕ್ಕಾ?"

ತಿರುಗಿಸಿ ನೋಡಿದೆ. ಕೆಳಭಾಗದಲ್ಲಿ ನಾನು ಹಾಕಿರದ ದಪ್ಪ ಪದರ. ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅಪ್ಪ, ಬೋರ್ಡ್ ಮುಟ್ಟಿದ್ಯಾ?"

"ಹೂಂ ಕಣೋ. ನೀನು ತರೀಕೆರೆಗೆ ಹೋಗಿದ್ಯಲ್ಲ, ಎತ್ತಿ ನೋಡ್ದೆ, ಜೊಳ್ಳು ಕಾಯಿ ಇದ್ದಂಗಿತ್ತು. ಹಗುರ ಇರೋ ಕಾಯಿನ ಸಂತೇಲಿ ಯಾರಾದ್ರೂ ಮುಟ್ತಾರಾ? ಅಷ್ಟು ದೂರ ಹೊತ್ಕೊಂಡು ಹೋಗಿ ಮಗ ಮರ್ಯಾದೆ ಕಳ್ಕೋಬಾರ್ದು ಅಂತ, ನೀನು ಬಳಿಯೋದು ನೋಡಿದ್ನಲ್ಲ, ಹಂಗೇ ಉಳಿದಿದ್ದ ಬಟ್ಟೆ ಅಂಟು ಎಲ್ಲಾ ಹಾಕಿ ತೂಕ ಬರ್ಸಿದೀನಿ. ಒಪ್ಕೊಂಡ್ರಾ?"

ಓನರ್ ಆ ಪದರದ ಮೇಲೆ ಅಂಗೈ ಆಡಿಸ್ತಾ ಕೂತಿದ್ರು. ಆಮೇಲೆ ತಲೆ ಅಲ್ಲಾಡಿಸಿ ಹೇಳಿದ್ರು: "ಬೋರ್ಡು ಆಗ್ಲಿಕ್ಕಿಲ್ಲ. ಇನ್ನು ಬ್ಲ್ಯಾಂಕ್ ಕೊಡುದಿಲ್ಲ. ಇಷ್ಟು ಭಾರ ಆದದ್ದು ನಿನ್ನ ಕೊಟ್ಟಿಗೆಯಲ್ಲೇ ಅಲ್ವಾ?"

ಮುಗೀತು. ಕೊಟ್ಟಿಗೆ ಕುರಿಗೆ.

ಓನರ್ ಫೋನಿನ ಕಡೆ ಬಗ್ಗಿದ್ರು. "ಯಜಮಾನ್ರೇ, ನಿಮ್ಮ ಪದರದಲ್ಲಿ ಒಂದು ಗುಳ್ಳೆ ಇಲ್ಲ. ಮೀನಿನ ದೋಣಿಗೆ ಇಂಥದೇ ದಪ್ಪ ಪದರ ಬೇಕು ನೋಡಿ. ಇಲ್ಲಿ ದೋಣಿ ಕೆಲಸಕ್ಕೆ ನೀವು ಬರ್ತೀರಾ?"

ಆ ಕಡೆಯಿಂದ ಅಪ್ಪ ನಿಧಾನಕ್ಕೆ ಹೇಳಿದ: "ಮಂಡಿ ನೋವು ಸ್ವಾಮೀ, ಆಗಲ್ಲ. ನನ್ ಮಗ ಅಲ್ಲೇ ಅವ್ನಲ್ಲ, ಇಟ್ಕೊಂಡು ನೋಡಿ. ಅವನಿಗೂ ಸ್ವಲ್ಪ ಬರುತ್ತೆ."