ಗಂಟುಬೇವಿನ ಮೊಳೆ

ಬೆನಕಪ್ಪನ ಮನೆಯ ಮುಂದಿನ ಬೇವಿನ ಗಿಡ ಎರಡು ವರ್ಷದಿಂದ ಒಣಗಿ ನಿಂತಿತ್ತು. ನಿನ್ನೆ ಸಂಜೆಯ ಗಾಳಿಗೆ ಬಿದ್ದೇ ಬಿಟ್ಟಿತು. ಬೆಳಗಾಗುವಷ್ಟರಲ್ಲಿ ಅದರ ಅರ್ಧ ಕೊಂಬೆಗಳು ಓಣಿಯವರ ನೀರೊಲೆಗಳ ಪಕ್ಕಕ್ಕೆ ನಡೆದುಕೊಂಡು ಹೋಗಿದ್ದವು.

ಗಿಡ ಚೆಲುವಿನದೇನಲ್ಲ. ಬುಡದಿಂದ ನೆತ್ತಿಯವರೆಗೆ ಮೈತುಂಬ ಗಂಟು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಬೆನಕಪ್ಪನ ಕಣ್ಣಿಗೆ ಅದು ಸಂತೆಯ ದಿನದ ಬಸ್ಸಿನಂತೆ ಕಾಣುತ್ತಿತ್ತು. ಯಾವ ಕಡೆ ನೋಡಿದರೂ ಏನಾದರೊಂದು ಹೊರಗೆ ಉಬ್ಬಿಕೊಂಡಿರುತ್ತಿತ್ತು. ಅವುಗಳಲ್ಲೆಲ್ಲ ದೊಡ್ಡದು ಬುಡದ ಹತ್ತಿರದ ಗಂಟು, ಅರ್ಧ ಚೀಲ ಜೋಳದಷ್ಟು ಗಾತ್ರ. ಅವನ ಹೆಂಡತಿ ನೀಲಗಂಗಮ್ಮ ದಿನವೂ ಅದಕ್ಕೆ ಒರಗಿ ಕೂತು ಅಕ್ಕಿ ಆರಿಸುತ್ತಿದ್ದಳು. "ಈ ಗಂಟು ನನ್ನ ಬೆನ್ನಿನ ಅಳತಿ ತಗೊಂಡ ಬೆಳದೈತಿ ನೋಡ್ರಿ" ಎನ್ನುತ್ತಿದ್ದಳು.

ಅವಳು ಶಿವನ ಪಾದ ಸೇರಿ ನಾಳೆಗೆ ಒಂದು ವರ್ಷ. ವರ್ಷದ ಪೂಜೆಗೆ ಅಯ್ಯನವರು ಬರುತ್ತಾರೆ. ಅವರು ಕೂರುವ ಮಣೆ ಆ ಗಂಟಿನದೇ ಆಗಬೇಕೆಂದು ಬೆನಕಪ್ಪನ ಮನಸ್ಸಿಗೆ ಬಂತು. ಬಂದದ್ದೇ ತಡ, ನಿಂತಲ್ಲಿ ನಿಲ್ಲಲಾರದೆ ಹೋದ. ಯಾರಾದರೂ ಗಂಟನ್ನೂ ಒಲೆಗೆ ಒಯ್ದರೆ? ಹಳೆಯ ತಗಡೊಂದರ ಮೇಲೆ ಕೆಂಪು ಬಣ್ಣದಲ್ಲಿ, "ಇದಕ್ಕೆ ಯಾರೂ ಕೈ ಹಚ್ಚಬಾರದು" ಎಂದು ಬರೆದು, ಗಂಟಿನ ನಡುನೆತ್ತಿಗೆ ಭದ್ರವಾಗಿ ಕೂರಿಸಿದ. ಯಾರ ಅಪ್ಪಣೆ ಎಂದು ಬರೆಯಲು ತಗಡಿನಲ್ಲಿ ಜಾಗ ಉಳಿಯಲಿಲ್ಲ.

ಬಡಿಗೇರ ಪಕ್ಕೀರಪ್ಪ ಬಂದು ಗಂಟನ್ನು ಬೆರಳಿನಿಂದ ತಟ್ಟಿ ನೋಡಿದ.

"ಏ ಕಂಡಕ್ಟ್ರ, ಒಳಗ ಚಿತ್ರ ಐತ್ರಿ ಇದರಾಗ, ನವಿಲುಗರಿ ಇದ್ದಂಗ. ಆದ್ರ ಕೈಗರಗಸಕ್ಕ ಬಗ್ಗೂದಿಲ್ಲ. ಇದರ ಎಳಿ ನೋಡ್ರಿ, ಬೀಗರ ಮನಿ ಮಾತಿದ್ದಂಗ, ಎತ್ತಾಗ ಹೊಕ್ಕಾವೋ ಯಾರಿಗೂ ತಿಳಿಯಂಗಿಲ್ಲ. ಮ್ಯಾಲ ಕೆಳಗ ನಾ ಕೊಯ್ದು ಕೊಡ್ತೀನಿ. ಹಲಗಿ ಸೀಳಾಕ ಯರ್ರೆಪ್ಪನ ಸಾಮಿಲ್ಲಿಗೇ ಹೋಗಬೇಕು."

ಬೆನಕಪ್ಪ ಸೈಕಲ್ ಹತ್ತಿ ಹರಪನಹಳ್ಳಿ ರಸ್ತೆಯ ಸಾಮಿಲ್ಲಿಗೆ ಹೋದ. ಯರ್ರೆಪ್ಪ ತಲೆ ಎತ್ತದೆ ಕೇಳಿದ.

"ಹೊಲದ ಗಿಡನೋ, ಮನಿ ಮುಂದಿಂದೋ?"

"ಮನಿ ಮುಂದಿಂದು."

"ಬ್ಯಾಡ್ರಿ. ಮನಿ ಮುಂದಿನ ಗಿಡ ಅಂದ್ರ ಒಳಗ ಒಂದು ಕಬ್ಬಿಣದ ಅಂಗಡಿ ಇರ್ತೈತಿ. ಒಂದು ಮೊಳಿ ಸಿಕ್ರ ನನ್ನ ಬ್ಲೇಡು ಹೋತು."

"ನಮ್ಮ ಗಿಡಕ್ಕ ಯಾರೂ ಮೊಳಿ ಹೊಡದಿಲ್ಲರೀ."

"ಹೌದಾ? ಹಂಗಾದ್ರ ಕೊಟ್ಟೂರೇಶ್ವರನ ಆಣಿ ಮಾಡಿ ಹೇಳ್ರಿ."

ಬೆನಕಪ್ಪ ಸೈಕಲ್ಲಿನತ್ತ ತಿರುಗಿದ. ತಪಾಸಣೆಯ ಅಧಿಕಾರಿಗಳ ಮುಂದೆ ಅವನು ಸುಳ್ಳು ಹೇಳಿದ್ದುಂಟು; ಕೊಟ್ಟೂರೇಶ್ವರನ ಹೆಸರಿನಲ್ಲಿ ಎಂದೂ ಹೇಳಿದವನಲ್ಲ. "ಕೇಳಿಕೊಂಡು ಬರ್ತೀನಿ ತಡೀರಿ" ಎಂದ.

"ಐದಕ್ಕ ಮಿಷಿನ್ ಬಂದ್ ಮಾಡ್ತೀನಿ. ನಾಳಿ ರಜಾ. ಆಮ್ಯಾಲ ಬಂದು ಗೋಳಾಡಬ್ಯಾಡ್ರಿ."

ಓಣಿಗೆ ಮರಳಿದಾಗ ಹನ್ನೊಂದು ದಾಟಿತ್ತು. ಬೆನಕಪ್ಪ ಕಟ್ಟೆಯ ಮೇಲೆ ನಿಂತು, ಬಸ್ಸಿನಲ್ಲಿ ಟಿಕೆಟ್ ಕೇಳುವ ದನಿಯಲ್ಲಿ ಕೂಗಿದ.

"ಯಾರ್ಯಾರು ಈ ಗಂಟಿಗೆ ಮೊಳಿ ಹೊಡದೀರಿ? ದೇವರ ಆಣಿ ಮಾಡೂದೈತಿ, ಖರೇ ಹೇಳಿಬಿಡ್ರಿ!"

ದೇವರ ಆಣೆ ಎಂದ ಮೇಲೆ ಮುಚ್ಚಿಡುವುದು ಹೇಗೆ? ಎದುರು ಮನೆಯ ನಾಗಲಿಂಗಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು.

"ನಂದೊಂದು ಐತಿ ನೋಡಣ್ಣ. ಹಲ್ಲು ಬ್ಯಾನಿಗೆ ಹೊಡದಿದ್ದೆ. ನಿಂತು, ಹಲ್ಲಿನ ಎತ್ತರಕ್ಕ ಸರಿಯಾಗಿ ಹೊಡೀಬೇಕು ಅಂತ ಹೇಳಿದ್ರು. ಗಂಟು ಗಿಡ್ಡ ಆತು, ಅದಕ್ಕ ಕುಂತು ಹೊಡದೆ."

"ಲೇ ಪಕ್ಕೀರಪ್ಪ, ಕೀಳೋ ಅದನ್ನ!"

ನಾಗಲಿಂಗಮ್ಮ ಗಂಟಿನ ಮುಂದೆ ಕೈ ಅಡ್ಡ ಹಿಡಿದು ನಿಂತಳು. "ಹನ್ನೆಲ್ಡು ವರ್ಷ ಆತು ಆ ಬ್ಯಾನಿ ಹೋಗಿ. ಕಿತ್ರ ತಿರುಗಿ ಬರ್ತೈತಿ!"

"ಇನ್ನೊಂದು ಬೇವಿನ ಗಿಡಕ್ಕ ಹೊಡಸ್ತೀನಿ ತಂಗೀ."

"ಇವತ್ತ?"

"ಇವತ್ತ."

"ನೀ ಮರತ್ರ ಆ ಬ್ಯಾನಿ ನಿನಗ ಹತ್ಲಿ" ಎಂದು ಹೇಳಿ ಅವಳು ಪಕ್ಕಕ್ಕೆ ಸರಿದಳು. ಉಳಿಯ ತುದಿಯಿಂದ ಪಕ್ಕೀರಪ್ಪ ಮೊಳೆಯನ್ನು ಎಬ್ಬಿಸುತ್ತಿದ್ದಂತೆಯೇ ಅವಳ ಬಲಗೈ ತಾನಾಗಿ ಕೆನ್ನೆಗೆ ಹೋಯಿತು.

ಮೂಲೆಮನೆಯ ಗೀತಮ್ಮ ಬೆನಕಪ್ಪನನ್ನು ಗೋಡೆಯ ಮರೆಗೆ ಕರೆದಳು. "ಅಣ್ಣಾರ, ಮಂದಿ ಮುಂದ ಹೇಳಬ್ಯಾಡ್ರಿ. ನಮ್ಮ ಮನಿಯವ್ರು ಕುಡಿಯೂದು ಬಿಡ್ಲಿ ಅಂತ ನಾ ನಾಕು ಹೊಡದೀನಿ."

"ಬಿಟ್ಟಾನೇನವ್ವ?"

"ಬಿಟ್ಟಿಲ್ರಿ. ಆದ್ರ ಮೊದಲು ಬೈಕೊಂತ ಬರ್ತಿದ್ರು, ಈಗ ಹಾಡಕೊಂತ ಬರ್ತಾರ."

ಹೀಗೆ ಓಣಿಯ ಕಷ್ಟಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಸೊಟ್ಟ ಗಿಡದ ಶಕ್ತಿಯೆಲ್ಲ ಅದರ ಗಂಟಿನಲ್ಲೇ ಇರುತ್ತದೆಂದು ಯಾರೋ ಒಮ್ಮೆ ಹೇಳಿದ್ದೇ ಸಾಕಾಗಿ, ಎಲ್ಲರೂ ಅದನ್ನೇ ಆರಿಸಿಕೊಂಡಿದ್ದರು. ಎಮ್ಮೆ ಹಾಲು ಕೊಡದ್ದಕ್ಕೆ ಎರಡು, ಮಗ ಹತ್ತನೆಯ ತರಗತಿ ಪಾಸಾಗಲೆಂದು ಮೂರು. ಮೂರೂ ಬೇರೆ ಬೇರೆ ವರ್ಷದವು. ಬೆನಕಪ್ಪ ಟಿಕೆಟ್ ಎಣಿಸುವಂತೆ ಎಣಿಸಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತ ಹೋದ. ಹತ್ತಾಯಿತು.

ಸೊಸೆ ವಾಣಿಶ್ರೀ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮಾವಾರ, ಅತ್ತೀದೂ ಒಂದೈತ್ರಿ."

"ಯಾವತ್ತಿ?"

"ನಮ್ಮತ್ತೀರಿ. ಬೆನ್ನು ಒರಗೂ ಜಾಗದ ಎಡಕ್ಕ. ನಿಮ್ಮ ಗೊರಕಿ ನಿಲ್ಲಲಿ ಅಂತ ಹೊಡದಿದ್ರು."

ಬೆನಕಪ್ಪ ಅಲ್ಲೇ ಕೂತ. ನಲವತ್ತು ವರ್ಷ ಸಂಸಾರ ಮಾಡಿದವಳು ಗೊರಕೆಯ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. "ನಿಂತಿತ್ತೇನು?" ಎಂದು ಕೇಳಿದ.

"ನಿಲ್ಲಲಿಲ್ಲಂತ. ಇರ್ಲಿ ಬಿಡು, ಗೊರಕಿ ಕೇಳಿದ್ರ ಮನಿಯಾಗ ಅದಾರ ಅಂತ ಧೈರ್ಯ ಇರ್ತೈತಿ ಅಂತಿದ್ರು."

ಅವನು ಆ ಮೊಳೆಯನ್ನು ತಾನೇ ಕಿತ್ತ. ಉಳಿದವುಗಳ ಜೊತೆ ಹಾಕದೆ ಒಳಕಿಸೆಯಲ್ಲಿ ಇಟ್ಟುಕೊಂಡ. ಎಲ್ಲ ಸೇರಿ ಹನ್ನೊಂದು.

ಪಕ್ಕೀರಪ್ಪ ಗಂಟಿನ ಮೇಲೂ ಕೆಳಗೂ ಕೊಯ್ದು ಮುಗಿಸಿದಾಗ ನಾಲ್ಕು ಹೊಡೆಯುತ್ತಿತ್ತು. ಗೂಡ್ಸ್ ಆಟೋದ ಮೈಲಪ್ಪ ಬಂದ. ಎತ್ತಲು ಹೋದರೆ ಬೆಳಗಿನ ತಗಡು ಕೈಗೆ ತಾಗುತ್ತಿತ್ತು. "ಇದೊಂದು ಅಡ್ಡ" ಎಂದು ಮೈಲಪ್ಪ ಎರಡೂ ಕೈಯಿಂದ ಜಗ್ಗಿದ. ತಗಡು ಕಿರ್ರೆಂದು ಬಂತು. ಅದನ್ನು ಸೀಟಿನ ಕೆಳಗೆ ತುರುಕಿ, ಐದಾರು ಜನ ಹೆಣಗಾಡಿ ಗಂಟನ್ನು ಏರಿಸಿದರು.

"ರೈಟ್! ರೈಟ್!" ಎಂದು ಬೆನಕಪ್ಪ ಹಿಂದೆ ನಿಂತು ಹಳೆಯ ರೂಢಿಯಿಂದ ಆಟೋದ ಮೈ ಬಡಿದ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ರೈಲ್ವೆ ಗೇಟು ಬಿತ್ತು. ಅವನು ಗಡಿಯಾರ ನೋಡಿದ, ರೈಲಿಗೆ ಬೈದ, ಬೈದದ್ದಕ್ಕೆ ಕೆನ್ನೆ ಬಡಿದುಕೊಂಡು ಮತ್ತೆ ಗಡಿಯಾರ ನೋಡಿದ. ಸಾಮಿಲ್ಲು ಮುಟ್ಟಿದಾಗ ಯರ್ರೆಪ್ಪ ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದ.

"ತಡೀರೀ ಯರ್ರೆಪ್ಪಾರ!" ಬೆನಕಪ್ಪ ಕಿಸೆ ಬೋರಲು ಮಾಡಿ ಹತ್ತು ಮೊಳೆ ಸುರಿದ, ಒಳಕಿಸೆಯ ಮೊಳೆಯನ್ನು ತೋರಿಸಿ ಒಳಗಿಟ್ಟ. ಪೂರ್ವಕ್ಕೆ ತಿರುಗಿ ಕೈ ಮುಗಿದು ನಿಂತ. "ಕೊಟ್ಟೂರೇಶ್ವರನ ಆಣಿ! ಈ ಗಂಟಿಗೆ ಹೊಡದ ಮೊಳಿ ಹನ್ನೊಂದು. ಹನ್ನೊಂದೂ ಹೊರಗ ಬಂದಾವು. ಇನ್ನೊಂದು ಇದ್ರ ಈ ಗಂಟು ನಿಮ್ಮದ!"

"ಅಷ್ಟು ದೊಡ್ಡ ಮಾತು ಯಾಕ್ರಿ" ಎಂದರೂ ಯರ್ರೆಪ್ಪನಿಗೆ ಆಣೆಯ ಮೇಲೆ ನಂಬಿಕೆ ಬಂತು. ಗಂಟನ್ನು ಗರಗಸದ ಬ್ಲೇಡಿಗೆ ಹಚ್ಚಿದ.

ಬ್ಲೇಡು ಹಾಡುತ್ತ ಒಳಗೆ ಹೋಯಿತು. ಬೇವಿನ ಕಹಿ ವಾಸನೆ ಎದ್ದಿತು. ಸೀಳಿನಲ್ಲಿ ಕೆಂಪು, ಕಂದು, ಜೇನುಬಣ್ಣದ ಸುಳಿಗಳು ಒಂದೊಂದಾಗಿ ಕಾಣತೊಡಗಿದವು. ಪಕ್ಕೀರಪ್ಪ ಹೇಳಿದ್ದ ನವಿಲುಗರಿ ನಿಜವಾಗಿಯೂ ಒಳಗಿತ್ತು. ಬೆನಕಪ್ಪನ ಕಣ್ಣು ತುಂಬಿ ಬಂತು.

"ಠಳ್!"

ಬ್ಲೇಡು ತುಂಡಾಗಿ ಸಾಮಿಲ್ಲಿನ ತಗಡಿನ ಛಾವಣಿಗೆ ಬಡಿದು ಕೆಳಗೆ ಬಿತ್ತು. ಎಲ್ಲರೂ ಎಲ್ಲಿದ್ದರೋ ಅಲ್ಲೇ ಕೂತುಬಿಟ್ಟರು. ಯಂತ್ರ ನಿಂತ ಮೇಲೆ ಯರ್ರೆಪ್ಪ ಸೀಳಿನೊಳಗೆ ಚಿಮಟ ಹಾಕಿ, ತಲೆಯಿಲ್ಲದ ಒಂದು ಮೊಳೆಯನ್ನು ಹೊರಗೆಳೆದ.

"ಯಾವಾಕಿದೋ ಇದು, ಸುಳ್ಳ ಹೇಳ್ಯಾಳ!" ಎಂದು ಬೆನಕಪ್ಪ ಕೂಗಿದ. "ಆ ಗೀತಮ್ಮಂದ ಇರಬೇಕು, ಐದನೇದು!"

ಯರ್ರೆಪ್ಪ ಮೊಳೆಯನ್ನು ಬಿಸಿಲಿಗೆ ಹಿಡಿದ. ಅದು ಹೊಸ ಬೆಳ್ಳಿಯ ಉಡಿದಾರದಂತೆ ಫಳಫಳ ಹೊಳೆಯಿತು. "ತುಕ್ಕಿನ ಚುಕ್ಕಿ ಸೈತ ಇಲ್ಲ ನೋಡ್ರಿ. ಇದು ಇವತ್ತಿನ ಮೊಳಿ. ಇವತ್ತ ಗಂಟಿಗೆ ಮೊಳಿ ಹೊಡದವ್ರು ಯಾರ್ರಿ?"

ಮೈಲಪ್ಪ ಆಟೋದ ಸೀಟಿನ ಕೆಳಗಿಂದ ತಗಡನ್ನು ತಂದ. ಅದರ ಒಂದು ತೂತಿನಲ್ಲಿ ಇಡೀ ಮೊಳೆ ನೇತಾಡುತ್ತಿತ್ತು. ಇನ್ನೊಂದು ತೂತಿನಲ್ಲಿ ಬರೀ ತಲೆ ಇತ್ತು.

ಬೆನಕಪ್ಪ ತಗಡನ್ನು ನೋಡಿದ, ಮೊಳೆಯನ್ನು ನೋಡಿದ, ಕೊನೆಗೆ ಪೂರ್ವಕ್ಕೆ ತಿರುಗಿ ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡ. ಇಡೀ ಓಣಿಯ ತಪ್ಪೊಪ್ಪಿಗೆ ಕೇಳಿದ್ದ; ತನ್ನದನ್ನು ಕೇಳಿಕೊಳ್ಳುವುದನ್ನು ಮರೆತಿದ್ದ.

"ಬ್ಲೇಡಿನ ಮಾತು ಬಿಡ್ರಿ" ಎಂದ ಯರ್ರೆಪ್ಪ. ಅವನೇನು ಕೆಟ್ಟ ಮನುಷ್ಯನಲ್ಲ. "ಆದ್ರ ಆಣಿ ಮಾಡಿ ಕೊಟ್ಟದ್ದನ್ನ ತಿರುಗಿ ಕೊಟ್ರ ನನಗೂ ಪಾಪ, ನಿಮಗೂ ಪಾಪ. ಗಂಟು ಇಲ್ಲೇ ಇರ್ಲಿ. ಆ ತಗಡು ತರ್ರಿ, ಚಲೋ ಬರದೀರಿ. ಬಡ್ಯಾಕ ಒಂದು ಮೊಳಿ ಕೊಡ್ರಿ."

ನೆಲದ ಮೇಲಿದ್ದ ಹತ್ತರಲ್ಲಿ ಕೈಗೆ ಸಿಕ್ಕ ಒಂದನ್ನು ಬೆನಕಪ್ಪ ಎತ್ತಿಕೊಟ್ಟು, ಉಳಿದವನ್ನು ಕಿಸೆಗೆ ಹಾಕಿಕೊಂಡ. ಯರ್ರೆಪ್ಪ ಅರ್ಧ ಸೀಳಿದ ಗಂಟಿನ ಮೇಲೆ ತಗಡನ್ನು ಬಡಿದ: "ಇದಕ್ಕೆ ಯಾರೂ ಕೈ ಹಚ್ಚಬಾರದು." ಬೆನಕಪ್ಪ ಕೊನೆಯದಾಗಿ ಮುಟ್ಟಿ ನೋಡಲು ಕೈ ಚಾಚಿದವನು, ತನ್ನ ಅಕ್ಷರವನ್ನೇ ಓದಿ ಕೈ ಹಿಂದಕ್ಕೆ ತೆಗೆದುಕೊಂಡ.

ಓಣಿಗೆ ಬಂದಾಗ ವಾಣಿಶ್ರೀ ಅವನ ಬರಿಗೈ ನೋಡಿದಳು. "ಅತ್ತಿ ಕುಂತು ಅಕ್ಕಿ ಆರಸ್ತಿದ್ದ ಹಳೀ ಮಣಿ ತೊಳದಿಟ್ಟೀನ್ರಿ ಮಾವಾರ. ಅಯ್ಯನವ್ರು ಅದರ ಮ್ಯಾಲ ಕುಂದರ್ಲಿ" ಎಂದಳು. ಅದು ಅಲ್ಲಿಯೇ, ಅಡಿಗೆಮನೆಯ ಮೂಲೆಯಲ್ಲಿ, ವರ್ಷವಿಡೀ ಇತ್ತು.

ನಾಗಲಿಂಗಮ್ಮ ಕೆನ್ನೆ ಹಿಡಿದುಕೊಂಡೇ ಓಡಿಬಂದಳು. "ನನ್ನ ಮೊಳಿ ಎಲ್ಲಿ ಹೊಡದಿ ಅಣ್ಣ?"

ಬೆನಕಪ್ಪ ಕಿಸೆಯ ಮೊಳೆಗಳನ್ನು ಅಂಗೈಗೆ ಸುರಿದು ತೋರಿಸಿದ. ಒಂಬತ್ತಿದ್ದವು. ಅವಳು ಬಗ್ಗಿ ಹುಡುಕಿ ನೋಡಿದಳು. "ನಂದು ಇದರಾಗ ಇಲ್ಲ."

"ಹಂಗಾರ ಅದು ಗಂಟಿನಾಗ ಐತಿ. ಯರ್ರೆಪ್ಪ ತಿರುಗಿ ಅಲ್ಲೇ ಬಡದ."

ನಾಗಲಿಂಗಮ್ಮ ಕೆನ್ನೆಯಿಂದ ಕೈ ತೆಗೆದಳು. ಬಾಯಿ ಅತ್ತಿತ್ತ ಆಡಿಸಿ ನೋಡಿದಳು. "ಅದಕ್ಕ ಸಂಜೀಕ ಬ್ಯಾನಿ ಗಪ್ಪನ ನಿಂತಿತು ನೋಡು! ಆದ್ರ ಬೇರೆ ಗಿಡಕ್ಕ ಹೊಡಸ್ತೀನಿ ಅಂತ ಮಾತು ಕೊಟ್ಟಿದ್ದಿ, ಅದು ತಪ್ಪಿತಲ್ಲ?" ಎಂದು ನಗುತ್ತ ಹೋದಳು.

ಬೆನಕಪ್ಪ ಗಿಡವಿಲ್ಲದ ಅಂಗಳದಲ್ಲಿ ನಿಂತ. ಬಲಗಡೆಯ ದವಡೆಯ ಒಳಗೆಲ್ಲೋ ಸಣ್ಣಗೆ ಮಿಡಿಯತೊಡಗಿತು. ಮೊದಲು ಕೆನ್ನೆ ಬಡಿದುಕೊಂಡದ್ದರ ನೋವಿರಬಹುದು ಎಂದುಕೊಂಡ. ಆಮೇಲೆ ನಾಲಿಗೆ ಹಾಕಿ ನೋಡಿದ: ಹಲ್ಲು. ಕೈ ತಾನಾಗಿ ಒಳಕಿಸೆಗೆ ಹೋಯಿತು; ನೀಲಗಂಗಮ್ಮನ ಮೊಳೆ ಅಲ್ಲಿತ್ತು. ಹೊಡೆಯಲು ಗಿಡವೇ ಇರಲಿಲ್ಲ.