ಅಣ್ಣ ಸಿಂದಿಯ ರುಚಿ ನೋಡಿದ ದಿನ

"ನಿನ್ನ ಕೈಲೆ ಆಗೂದಿಲ್ಲ" ಎಂದು ಮೊದಲು ಹೇಳಿದವನು ನನ್ನ ಸ್ವಂತ ಅಣ್ಣ. ಆಮೇಲೆ ಊರೂ ಹೇಳಿತು, ಆದರೆ ಊರು ಅವನ ಬಾಯಿಂದ ಕೇಳಿ ಹೇಳಿತು. ಎಪ್ಪತ್ತರ ದಶಕದ ಮಾತು. ಗಂಡ ತೀರಿದ ಮೇಲೆ ರೊಟ್ಟಿ ಬಡಿದು ಮಾರಿದೆ. ಶೇಂಗಾ ಕಟ್ಟಿಕೊಟ್ಟ ಕಾಗದ ಬಿಡಿಸಿ ಬಿಡಿಸಿ ಅಕ್ಷರ ಕಲಿತೆ. ಕೊನೆಗೆ ಸರ್ಕಾರಿ ಹರಾಜಿನ ಪ್ರಕಟಣೆಯನ್ನು ನಾನೇ ಓದಿಕೊಂಡು ಹೋಗಿ, ಮನಗೂಳಿ ಹಾದಿಯ ಸಿಂದಿ ಅಂಗಡಿಯ ಗುತ್ತಿಗೆ ಹಿಡಿದೆ. ಅಣ್ಣ ಹೇಳಿಕಳಿಸಿದ: "ಅಂಗಡಿ ಬಾಗಲಾ ತೆರದ್ರ ತವರಮನಿ ಬಾಗಲಾ ಮುಚ್ಚತೈತಿ. ನಾಗರ ಪಂಚಮಿಗಿ ತವರಿಗಿ ಕರಿಯಾಕ ಬರೂದಿಲ್ಲ."

ಈಚಲು ಗಿಡದ ಸಿಂದಿ ಇರುವಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ಆದರೆ ಅಂಗಡಿ ತೆರೆಯುವ ಮೊದಲು, ಯಾರ ಸಿಂದಿ ಇಡಬೇಕೆಂದು ರುಚಿ ನೋಡಲು, ಸುತ್ತಲಿನ ತಾಲೂಕುಗಳಿಂದ ಸಿಂದಿ ಇಳಿಸುವವರನ್ನು ಬೇವಿನ ಗಿಡದ ಕೆಳಗೆ ಕೂಡಿಸಿದ ಆ ಒಂದು ದಿನ ನಡೆದಷ್ಟು ಮತ್ತೆಂದೂ ನಡೆಯಲಿಲ್ಲ.

ಜಮಾದಾರರ ನಾಲಿಗೆ

ಪುಡಿ ಗಿಡಿ ಬೆರೆಸಿದ್ದು ನನ್ನ ಅಂಗಡಿಗೆ ಬೇಡ, ಗಿಡದಿಂದ ಇಳಿದದ್ದು ಇಳಿದ ಹಾಗೇ ಇರಬೇಕು ಎಂದು ಹಟ ಹಿಡಿದಿದ್ದೆ. ನಾನೋ ಕುಡಿದವಳಲ್ಲ. ರುಚಿ ಹೇಳಲು ಒಬ್ಬರು ಬೇಕಾಗಿತ್ತು. ನಿವೃತ್ತ ಪೊಲೀಸ್ ಜಮಾದಾರರೊಬ್ಬರನ್ನು ಕರೆಸಿದೆ. ಕುಡಿತಕ್ಕೆ ಸರ್ಕಾರದ ನಿಷೇಧವಿದ್ದ ದಾರೂಬಂದಿ ಕಾಲದಲ್ಲಿ ಹಳ್ಳ ಹಳ್ಳ ತಿರುಗಿ ಸಿಂದಿ ಹಿಡಿಯುವುದೇ ಅವರ ಕೆಲಸವಾಗಿತ್ತು.

ಮುತ್ತುಗದ ಎಲೆಯ ದೊನ್ನೆಯಲ್ಲಿ ಒಂದು ಗುಟುಕು, ಬಾಯಿಗೆ ನಾಕು ಹುರಿಗಡಲೆ, ಮತ್ತೆ ಇನ್ನೊಂದು ಗಡಿಗೆ. ಜಮಾದಾರರು ಕಣ್ಣು ಮುಚ್ಚಿ ಹೇಳಿದರು, "ಇದು ಇಂಡಿ ತಾಲೂಕಿಂದು. ಹಳ್ಳದ ದಂಡಿ ಗಿಡ. ಗಿಡ ಸ್ವಲ್ಪ ಬಾಗೇತಿ."

ಎಲ್ಲರೂ ಬೆರಗಾದೆವು. ಇಂಡಿಯಿಂದ ಬಂದವನು ಮಾತ್ರ ಬೆರಗಾಗಲಿಲ್ಲ.

"ಹೆಂಗ ಗೊತ್ತಾತ್ರಿ ಜಮಾದಾರ್ರ?" ಎಂದೆ.

"ಇವನ್ನ ಎಷ್ಟ ಸಲ ಹಿಡದೇನಿ ಕೇಳ್ರಿ."

"ಹಿಡದಾಗೆಲ್ಲ ಗಡಿಗಿ ತುಂಬೇ ಇತ್ರಿ ಅಕ್ಕಾರ," ಎಂದ ಇಂಡಿಯವನು. "ಠಾಣೆ ಮುಟ್ಟೂದ್ರಾಗ ಸಾಕ್ಷಿಗಿ ಒಂದ ಹನಿ ಉಳೀಲಿಲ್ಲಂತ ನಾ ಪ್ರತಿ ಸಲ ಬಿಡುಗಡಿ ಆಗೇನಿ. ಇವರು ದೇವರಂಥಾ ಮನಶ್ಯಾ."

ಬಸ್ಸಿನಲ್ಲಿ ಬಂದ ಗಡಿಗೆ

ಮುದ್ದೇಬಿಹಾಳದವನು ಬಸ್ಸಿನಲ್ಲಿ ಬಂದ. ಸಿಂದಿ ಉಸಿರಾಡುತ್ತದೆ, ಗಡಿಗೆಯ ಬಾಯಿ ಸಡಿಲ ಇರಬೇಕು. ಆದರೆ ಕಂಡಕ್ಟರ್ "ಒಂದ ಹನಿ ಚೆಲ್ಲಿದ್ರ ನಡುದಾರ್ಯಾಗ ಇಳಸ್ತೇನಿ" ಎಂದದ್ದಕ್ಕೆ ಹೆದರಿ, ಇವನು ಅರಿವೆ ತುರುಕಿ ಹಗ್ಗ ಬಿಗಿದು, ಮೇಲೆ ತಾನೂ ಕೈ ಒತ್ತಿ ಕೂತ. ಮಾರ್ಚ್ ತಿಂಗಳ ಬಿಸಿಲು, ಹಾದಿಯ ತುಂಬ ತಗ್ಗು. ಬಾಗೇವಾಡಿ ದಾಟಿದ ಮೇಲೆ ಗಡಿಗೆ ಢಮ್ ಎಂದಿತು. ಮುಂದಿನ ಸೀಟಿನಲ್ಲಿ ಹೆಣ್ಣು ನೋಡಲು ಹೊರಟಿದ್ದ ಹಿರಿಯರೊಬ್ಬರ ಬಿಳಿ ರುಮಾಲು, ಮೀಸೆ, ಅಂಗಿ ಎಲ್ಲ ನೊರೆ.

ಅವನು ಬರೀ ಗಡಿಗೆಯ ಕಂಠ ಹಿಡಿದು ನಮ್ಮ ಬೇವಿನ ಗಿಡದ ಕೆಳಗೆ ಬಂದ. ಅವನ ಹಿಂದೆ ತೊಯ್ದ ಹಿರಿಯರೂ ಬಸ್ ಇಳಿದು ಬಂದರು. ಜಗಳ ತಪ್ಪಿದ್ದಲ್ಲ ಎಂದುಕೊಂಡು ನಾನು ಕೈಮುಗಿದೆ. "ತಪ್ಪಾತ್ರಿ ಗೌಡ್ರ, ಸಿಟ್ಟಾಗಬ್ಯಾಡ್ರಿ."

ಅವರು ಮೀಸೆಯ ತುದಿಯನ್ನು ಇನ್ನೊಮ್ಮೆ ಚೀಪಿ ನೋಡಿದರು. "ಸಿಟ್ಟಿನ ಮಾತ ಬಿಡವಾ. ಈ ಗಿಡದ್ದು ಇನ್ನೂ ಉಳದೈತೇನ?"

ಅಣ್ಣನ ಅಮಲು

ಮಧ್ಯಾಹ್ನದ ಹೊತ್ತಿಗೆ ಅಣ್ಣನೇ ಬಂದ, ಅಂಗಡಿ ಬಿಡಿಸಲು. ಹಣೆಯ ತುಂಬ ವಿಭೂತಿ, ಹೆಗಲಿಗೆ ಟವಲು.

"ಇನ್ನೂ ಹೊತ್ತ ಮೀರಿಲ್ಲ. ಗುತ್ತಿಗಿ ಬಿಡು, ಮನಿಗಿ ನಡಿ."

"ಬಿಡೂದಿಲ್ಲ. ತವರಮನಿನೂ ಬಿಡೂದಿಲ್ಲ."

"ಈ ಹೊಲಸ ನೀರಿನ್ಯಾಗ ಏನೈತಿ ಅಂತ ಇಷ್ಟ ಹಟ?"

ಜಮಾದಾರರು ಅಷ್ಟರಲ್ಲಿ ಬಹಳ ಪ್ರೀತಿಯ ಮನುಷ್ಯರಾಗಿದ್ದರು. "ರುಚಿ ನೋಡದ ಹೊಲಸ ಅಂದ್ರ ಹೆಂಗ್ರಿ? ನಮ್ಮಲ್ಲಿ ಮೊದಲ ದೊನ್ನಿ ನೆಲಕ್ಕ, ಎರಡನೇದು ಬಂದವರಿಗಿ. ಒಲ್ಲೆ ಅಂದ್ರ ಗಿಡಕ್ಕ ಅವಮಾನ."

ಹಟ ನಮ್ಮ ಮನೆತನದ್ದು, ನನ್ನೊಬ್ಬಳದಲ್ಲ. "ತಾ ಇಲ್ಲೆ. ಕುಡದ ಹೇಳ್ತೇನಿ ಹೊಲಸ ಅಂತ," ಎಂದ ಅಣ್ಣ. ಜಮಾದಾರರು ಕೈಗೆ ಸಿಕ್ಕ ಗಡಿಗೆ ಬಗ್ಗಿಸಿದರು. ಅಣ್ಣ ಹರಳೆಣ್ಣೆ ಕುಡಿಯುವವನ ಹಾಗೆ ಮೂಗು ಹಿಡಿದು ಇಳಿಸಿದ. ಮೂಗು ಬಿಟ್ಟ. ಇನ್ನೊಂದು ದೊನ್ನೆ ಚಾಚಿದ. ಆಮೇಲೆ ಮತ್ತೊಂದು.

ಸ್ವಲ್ಪ ಹೊತ್ತಿಗೆ ಬೇವಿನ ಗಿಡಕ್ಕೆ ಒರಗಿದ. "ಭೂಮಿ ತಿರಗಾಕತ್ತೈತಿ. ಯಾರರ ಹಿಡೀರಿ!" ಇಂಡಿಯವನೂ ಮುದ್ದೇಬಿಹಾಳದವನೂ ಎರಡು ತೋಳು ಹಿಡಿದರು. ಅಣ್ಣ ಅಳತೊಡಗಿದ. ಅಪ್ಪ ಸತ್ತಾಗಲೂ ಅತ್ತವನಲ್ಲ.

"ಆಗೂದಿಲ್ಲ ಅಂದೆ ನಾ. ನನಗ ಹೆದರಿಕಿ ಇದ್ದದ್ದು ಬ್ಯಾರೇನ. ಆಗ್ತೈತಿ ಅಂತ ಹೆದರಿಕಿ! ಅಪ್ಪ ಬಿಟ್ಟ ಹೊಲಾ ಕಾಯ್ಕೊಂಡ ಕುಂತಾವ ನಾ. ಇಕಿ ನೋಡ್ರಿ, ಬರೇ ಕೈಲೆ ನಿಂತಾಳ. ತಂಗೀ, ಅಂಗಡಿ ತೆರಿ. ಪಂಚಮಿಗಿ ನಾನ ಗಾಡಿ ಕಟಗೊಂಡ ಬರ್ತೇನಿ. ಯಾಂವರ ಏನರ ಅಂದ್ರ ನನ್ನ ಮುಂದ ಹೇಳು!"

ನನಗೂ ಕಣ್ಣು ತುಂಬಿದವು. ಅಂಗಡಿಯೂ ಉಳಿಯಿತು, ಅಣ್ಣನೂ ಉಳಿದ ಎಂದುಕೊಂಡೆ.

ಆಗಲೇ, ಊಟ ಮಾಡಿ ಮಲಗಿದ್ದ ಯಂಕಂಚಿಯ ಮುದುಕ ಎದ್ದು ಹುಡುಕುತ್ತ ಬಂದ. ಅವನೂ ಸಿಂದಿ ಇಳಿಸುವವನೇ. "ನನ್ನ ಮಗಳ ಗಡಿಗಿ ಯಾರ ತಗೊಂಡ್ರಿ?"

"ಯಾವ ಗಡಿಗಿ, ಕಾಕಾ?" ಎಂದೆ.

"ಒಳಗ ಸುಣ್ಣ ಬಳದದ್ದು. ಸುಣ್ಣ ಇದ್ರ ಸಿಂದಿ ಹುಳಿ ಆಗೂದಿಲ್ಲ, ಸಕ್ಕರಿ ನೀರ ಇದ್ದಂಗ ಇರತೈತಿ. ಕೂಸಿಗೂ ಕುಡಸಬಹುದು. ಬಾಣಂತಿ ಮಗಳಿಗಿ ಒಯ್ಯಾಕತ್ತಿದ್ದೆ." ಅಣ್ಣನ ಮುಂದಿದ್ದ ಗಡಿಗೆ ನೋಡಿ ಮುದುಕ ಗಾಬರಿಯಾದ. "ಇದ ನೋಡ್ರಿ! ಬಾಣಂತಿ ಪಾಲು ಕುಡದ ಈ ಯಜಮಾನ್ರು ಯಾಕ ತೂರಾಡಾಕತ್ತಾರ?"

ಬೇವಿನ ಗಿಡ ನಡುಗುವ ಹಾಗೆ ಜನ ನಕ್ಕರು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ನಿಲ್ಲಿಸಲು ಆಗಲಿಲ್ಲ. ಅಮಲು ಇಳಿಯುವುದನ್ನು ಆಮೇಲೆ ಅಂಗಡಿಯಲ್ಲಿ ಬಹಳ ನೋಡಿದ್ದೇನೆ. ಇಲ್ಲದ ಅಮಲು ಅಷ್ಟು ಬೇಗ ಇಳಿದದ್ದನ್ನು ಅದೊಂದೇ ಸಲ ನೋಡಿದೆ. ಅಣ್ಣ ನೆಟ್ಟಗೆ ಎದ್ದು ನಿಂತ. ಮುಖ ಒರೆಸಿಕೊಂಡ. ಯಾರ ಕಡೆಗೂ ನೋಡದೆ ಚಪ್ಪಲಿ ಮೆಟ್ಟಿ ಹೊರಟುಹೋದ.

ಪಂಚಮಿಗೆ ಉಂಡಿ ಕಟ್ಟಿಟ್ಟುಕೊಂಡು ಹಾದಿ ನೋಡಿದೆ. ಗಾಡಿ ಬರಲಿಲ್ಲ. "ಅಷ್ಟು ಮಂದಿ ಮುಂದ ಬರ್ತೇನಿ ಅಂದಿದ್ದಿ" ಎಂದು ಹೇಳಿಕಳಿಸಿದೆ. ಅಣ್ಣನ ಉತ್ತರ ಬಂತು: "ಕುಡದ ಅಮಲಿನ್ಯಾಗ ಅಂದದ್ದು ಅದು. ಮನಸಿಗಿ ಹಚಗೋಬಾರದು."

ಸಾಯುವವರೆಗೂ ಆ ಮಾತು ಬದಲಿಸಲಿಲ್ಲ. ಬಾಣಂತಿ ಕುಡಿಯುವ ಸಿಹಿನೀರು ಕುಡಿದು, ಬದುಕಿಡೀ ತಾನು ಅಮಲಿನಲ್ಲಿದ್ದೆ ಎಂದು ವಾದಿಸಿದವನು ನಮ್ಮ ಭಾಗದಲ್ಲಿ ಅವನೊಬ್ಬನೇ.

ಈಗ ನನಗೆ ಸ್ವಂತದ ಕಲ್ಲಿನ ಮನೆ ಇದೆ, ಬಾವಿ ಇರುವ ಹೊಲ ಇದೆ, ಕಪಾಟಿನ ತುಂಬ ಪುಸ್ತಕಗಳಿವೆ. ಯಾರೂ ಕೊಟ್ಟದ್ದಲ್ಲ, ಎಲ್ಲ ನಾನೇ ಮಾಡಿದ್ದು. ಅದಕ್ಕೆ ನಾನು ತೆತ್ತದ್ದು ಒಬ್ಬನೇ ಒಬ್ಬ ಅಣ್ಣನನ್ನು.